ಸೂತ್ರವನ್ನು ಕಳೆದು ಮೌಲ್ಯವನ್ನು ಉಳಿಸುವುದು: ಗಣಕದ ಲೆಕ್ಕದ ಹಾಳೆಯಲ್ಲಿ ದಾಖಲೆಯ ಸಂರಕ್ಷಣೆ



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ನಮ್ಮವರು ಎಲ್ಲಿಯೇ ಇರಲಿ, ನಾಲ್ಕು ಜನ ಸೇರಿದಲ್ಲಿ ಒಂದು ಸಂಘ, ಸಂಘವಿದ್ದಲ್ಲಿ ಒಂದು ಲೆಕ್ಕ ಎಂಬುದು ರೂಢಿಯ ಮಾತು. ಕನ್ನಡ ಸಂಘಗಳ ಸದಸ್ಯತ್ವದ ವಂತಿಗೆ, ಗೃಹನಿರ್ಮಾಣ ಸಹಕಾರಿ ಸಂಘಗಳ ಮಾಸಿಕ ನಿರ್ವಹಣಾ ಶುಲ್ಕ, ಉಪಾಹಾರ ಗೃಹಗಳ ದಿನಸಿ ಖರ್ಚು, ಕಚೇರಿಯ ವೇತನಪಟ್ಟಿ, ನಿವೃತ್ತರ ಪಿಂಚಣಿಯ ಹಿಂಬಾಕಿ, ಇವೆಲ್ಲವೂ ಇಂದು ಗಣಕದ ಲೆಕ್ಕದ ಹಾಳೆಗಳಲ್ಲಿ, ಅಂದರೆ ಸ್ಪ್ರೆಡ್‌ಶೀಟ್‌ಗಳಲ್ಲಿ, ಸಿದ್ಧವಾಗುತ್ತವೆ. ಈ ಹಾಳೆಗಳನ್ನು ಬಳಸುವವರ ಸಂಖ್ಯೆ ದೊಡ್ಡದು. ಅವುಗಳಲ್ಲಿ ಬರೆದದ್ದು ಯಾವಾಗ ಸ್ಥಿರ, ಯಾವಾಗ ಅಸ್ಥಿರ ಎಂಬುದನ್ನು ವಿಚಾರಿಸಿ ನೋಡುವವರು ಕಡಿಮೆ. ಆದುದರಿಂದ ಇಂದಿನ ಉಪನ್ಯಾಸಕ್ಕೆ ಚಿಕ್ಕದಾಗಿ ಕಂಡರೂ ಪರಿಣಾಮದಲ್ಲಿ ದೊಡ್ಡದಾದ ಒಂದು ವಿಷಯವನ್ನು ಆರಿಸಿಕೊಳ್ಳಲಾಗಿದೆ: ಸೆಲ್‌ಗಳಲ್ಲಿರುವ ಸೂತ್ರವನ್ನು ತೆಗೆದುಹಾಕಿ, ಅದರಿಂದ ಬಂದ ಮೌಲ್ಯವನ್ನು ಮಾತ್ರ ಉಳಿಸಿಕೊಳ್ಳುವುದು ಹೇಗೆ, ಯಾವಾಗ ಮತ್ತು ಏಕೆ.

ಸೂತ್ರ ಯಾವುದು, ಮೌಲ್ಯ ಯಾವುದು?

ಗಣಕದಲ್ಲಿ ಇಂತಹ ಹಾಳೆಯನ್ನು ಜನಪ್ರಿಯಗೊಳಿಸಿದ ಮೊದಲ ತಂತ್ರಾಂಶ ವಿಸಿಕ್ಯಾಲ್ಕ್. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ಅದನ್ನು ರೂಪಿಸಿದರು. 1979ರಲ್ಲಿ ಅದು ಆಪಲ್ 2 ಗಣಕಕ್ಕಾಗಿ ಮಾರುಕಟ್ಟೆಗೆ ಬಂದಿತು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ಇವೆಲ್ಲದರ ಹಿಂದಿನ ಕಲ್ಪನೆ ಒಂದೇ. ಕಾಗದದ ಮೇಲೆ ಒಂದು ಅಂಕಿಯನ್ನು ತಿದ್ದಿದರೆ ಅದನ್ನು ಅವಲಂಬಿಸಿದ ಮೊತ್ತಗಳನ್ನೆಲ್ಲ ನಾವೇ ಮತ್ತೆ ಕೂಡಬೇಕು; ಗಣಕದ ಹಾಳೆಯಲ್ಲಾದರೆ ಆ ಶ್ರಮವನ್ನು ಯಂತ್ರವೇ ವಹಿಸಿಕೊಳ್ಳುತ್ತದೆ. ಈ ಅನುಕೂಲವೇ ನಮ್ಮ ಇಂದಿನ ಚರ್ಚೆಯ ಮೂಲವೂ ಆಗಿದೆ.

ಹಾಳೆಯ ಒಂದೊಂದು ಚೌಕವೂ ಒಂದು ಸೆಲ್. ಅದರಲ್ಲಿ 35,400 ಎಂದು ನಾವು ನೇರವಾಗಿ ಬರೆದರೆ ಅದು ಮೌಲ್ಯ. ಮೌಲ್ಯ ಎಂಬ ಮಾತಿಗೆ ಇಲ್ಲಿ ಬೆಲೆ ಎಂಬ ಅರ್ಥವಿಲ್ಲ. ಚೌಕದಲ್ಲಿ ನಿಂತಿರುವ ಅಂಕಿ, ದಿನಾಂಕ ಅಥವಾ ಹೆಸರು ಎಂದಷ್ಟೇ ತಿಳಿಯಬೇಕು. ಅದೇ ಚೌಕದಲ್ಲಿ ಸಮಚಿಹ್ನೆಯನ್ನು ಹಾಕಿ ‘ಬಿ2ರಲ್ಲಿರುವ ಅಂಕಿಯನ್ನು ಎಫ್1ರಲ್ಲಿರುವ ದರದಿಂದ ಗುಣಿಸು’ ಎಂಬ ಆಜ್ಞೆಯನ್ನು ಬರೆದರೆ ಅದು ಸೂತ್ರ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಚೌಕದ ಮೇಲೆ ಕರ್ಸರ್ ಇಟ್ಟು, ಹಾಳೆಯ ಮೇಲ್ಭಾಗದ ಸೂತ್ರಪಟ್ಟಿಯನ್ನು ನೋಡಿದಾಗ ಮಾತ್ರ ಭೇದ ತಿಳಿಯುತ್ತದೆ. ಮೌಲ್ಯವು ಹೇಳಿಕೆ, ಸೂತ್ರವು ಆಜ್ಞೆ. ಹೇಳಿಕೆ ನಾವು ಬದಲಿಸುವ ತನಕ ಹಾಗೆಯೇ ಇರುತ್ತದೆ. ಆಜ್ಞೆಯು ತಾನು ಆಧರಿಸಿದ ಚೌಕಗಳಲ್ಲಿ ಏನಾದರೂ ಬದಲಾದಾಗಲೆಲ್ಲ ಮತ್ತೆ ನೆರವೇರುತ್ತದೆ ಮತ್ತು ಹಿಂದಿನ ಉತ್ತರದ ಕುರುಹನ್ನೂ ಚೌಕದಲ್ಲಿ ಉಳಿಸುವುದಿಲ್ಲ.

ನಮ್ಮ ಹಿರಿಯರಿಗೆ ಈ ಭೇದ ಅಪರಿಚಿತವಾಗಿರಲಿಲ್ಲ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲನ್ನೂ ಲೇಪಿಸಿ, ಮಡಿಕೆ ಮಡಿಕೆಯಾಗಿ ಸಿದ್ಧಪಡಿಸುತ್ತಿದ್ದ ಕಡತದ ಮೇಲೆ ಶಾನುಭೋಗರೂ ವರ್ತಕರೂ ಬಳಪದಿಂದ ಬರೆಯುತ್ತಿದ್ದರು. ಅಗತ್ಯ ಬಿದ್ದಾಗ ಅಳಿಸಿ ಮತ್ತೆ ಬರೆಯಲು ಅದರಲ್ಲಿ ಅವಕಾಶವಿತ್ತು. ಅಂಗಡಿಯ ಕಿರ್ದಿಯ ರೀತಿ ಬೇರೆ. ಅಂದಂದಿನ ವ್ಯವಹಾರವನ್ನು ಮಸಿಯಲ್ಲಿ ಬರೆದ ಮೇಲೆ ಅದು ಮುಗಿದ ಮಾತು. ತಪ್ಪಿದ್ದರೆ ಮುಂದಿನ ಸಾಲಿನಲ್ಲಿ ಸರಿಪಡಿಸಬೇಕೇ ಹೊರತು ಹಿಂದಿನದನ್ನು ಕೆರೆದು ತೆಗೆಯುವಂತಿಲ್ಲ. ಗಣಕದ ಸೂತ್ರವು ಬಳಪದ ಬರಹದಂತೆ. ಮೌಲ್ಯವು ಮಸಿಯ ಬರಹದಂತೆ. ಲೆಕ್ಕ ನಡೆಯುತ್ತಿರುವಾಗ ಬಳಪ ಬೇಕು. ಲೆಕ್ಕ ಮುಗಿದು ದಾಖಲೆಯಾದಾಗ ಮಸಿ ಬೇಕು. ಸೂತ್ರವನ್ನು ಮೌಲ್ಯಕ್ಕೆ ಪರಿವರ್ತಿಸುವುದೆಂದರೆ ಬಳಪದಿಂದ ಮಸಿಗೆ ಹೋಗುವುದು.

ತುಟ್ಟಿಭತ್ಯೆಯ ಹಿಂಬಾಕಿ: ಒಂದು ನಿದರ್ಶನ

ಕೇಂದ್ರ ಸರ್ಕಾರದ ನೌಕರರಿಗೂ ಪಿಂಚಣಿದಾರರಿಗೂ ಪರಿಚಿತವಾದ ಒಂದು ಸಂಗತಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 2024ರ ಜನವರಿ 1ರಿಂದ ತುಟ್ಟಿಭತ್ಯೆಯ ದರ ಮೂಲವೇತನದ ಶೇಕಡಾ 50 ಆಗಿತ್ತು. ಅದೇ ವರ್ಷದ ಜುಲೈ 1ರಿಂದ ಅನ್ವಯವಾಗುವಂತೆ ಅದನ್ನು ಶೇಕಡಾ 53ಕ್ಕೆ ಏರಿಸಲಾಯಿತು; ಆದರೆ ಮಂತ್ರಿಮಂಡಲದ ಒಪ್ಪಿಗೆ ದೊರೆತದ್ದು 2024ರ ಅಕ್ಟೋಬರ್ 16ರಂದು. ಅಷ್ಟರಲ್ಲಿ ಜುಲೈ, ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳ ವೇತನವನ್ನು ಹಳೆಯ ದರದಲ್ಲಿಯೇ ಪಾವತಿ ಮಾಡಲಾಗಿತ್ತು. ಸಹಜವಾಗಿಯೇ ಮೂರು ತಿಂಗಳ ವ್ಯತ್ಯಾಸವನ್ನು ಹಿಂಬಾಕಿಯೆಂದು ಲೆಕ್ಕ ಹಾಕಬೇಕಾಗುತ್ತದೆ.

35,400 ರೂಪಾಯಿ ಮೂಲವೇತನ ಪಡೆಯುವ ನೌಕರರೊಬ್ಬರನ್ನು ಊಹಿಸಿಕೊಳ್ಳಿ. ಶೇಕಡಾ 50ರ ದರದಲ್ಲಿ ತಿಂಗಳಿಗೆ ಪಾವತಿಯಾದ ಭತ್ಯೆ 17,700 ರೂಪಾಯಿ. ಶೇಕಡಾ 53ರ ದರದಲ್ಲಿ ಸಲ್ಲಬೇಕಾದುದು 18,762 ರೂಪಾಯಿ. ತಿಂಗಳ ವ್ಯತ್ಯಾಸ 1,062 ರೂಪಾಯಿ. ಮೂರು ತಿಂಗಳಿಗೆ 3,186 ರೂಪಾಯಿ.

ಈ ಲೆಕ್ಕವನ್ನು ಹಾಳೆಯಲ್ಲಿ ಮಾಡುವಾಗ ದರವನ್ನು ಎಫ್1 ಎಂಬ ಒಂದೇ ಚೌಕದಲ್ಲಿಟ್ಟು, ಎಲ್ಲರ ಭತ್ಯೆಯೂ ಆ ಚೌಕವನ್ನೇ ನೋಡುವಂತೆ ಸೂತ್ರ ಬರೆಯುವುದು ವಾಡಿಕೆ. ಅದು ಒಳ್ಳೆಯ ವಾಡಿಕೆಯೇ ಸರಿ. ಆದರೆ ಹೊಸ ಆದೇಶ ಬಂದ ದಿನ ಗುಮಾಸ್ತರು ಎಫ್1ರಲ್ಲಿ 50ನ್ನು ಅಳಿಸಿ 53 ಎಂದು ಬರೆದರೆ ಏನಾಗುತ್ತದೆ? ‘ಸಲ್ಲಬೇಕಾದುದು’ ಎಂಬ ಕಾಲಂ 18,762 ಆಗುತ್ತದೆ, ಅದು ಸರಿ. ಆದರೆ ‘ಪಾವತಿಯಾದುದು’ ಎಂಬ ಕಾಲಂನಲ್ಲಿಯೂ ಅದೇ ಸೂತ್ರವಿದ್ದರೆ ಅದೂ 18,762 ಆಗುತ್ತದೆ. ಎರಡರ ವ್ಯತ್ಯಾಸ ಸೊನ್ನೆ. ಹಿಂಬಾಕಿ ಇಲ್ಲವೆಂದು ಹಾಳೆ ಹೇಳುತ್ತದೆ! ಇದೇ ವೇತನದ 40 ಮಂದಿ ಇರುವ ಕಚೇರಿಯಲ್ಲಿ ನೌಕರರಿಗೆ ಸಲ್ಲಬೇಕಾದ 1,27,440 ರೂಪಾಯಿ ಹಾಳೆಯಿಂದ ಮಾಯವಾಗುತ್ತದೆ. ಯಂತ್ರ ತಪ್ಪು ಮಾಡಲಿಲ್ಲ. ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತು. ಯಾವುದೇ ದೋಷಸೂಚನೆಯೂ ಕಾಣಿಸಿಕೊಳ್ಳಲಿಲ್ಲ.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ‘ಸಲ್ಲಬೇಕಾದುದು’ ಒಂದು ಲೆಕ್ಕಾಚಾರ. ನಿಯಮ ಬದಲಾದರೆ ಅದು ಬದಲಾಗಬೇಕು. ‘ಪಾವತಿಯಾದುದು’ ಒಂದು ಘಟನೆ, ಅದು ನಡೆದುಹೋಗಿದೆ. ನಡೆದುಹೋದದ್ದನ್ನು ಸೂತ್ರದ ವಶದಲ್ಲಿ ಬಿಡಬಾರದು. ತಿಂಗಳಿಗೊಂದರಂತೆ ದರಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡರೆ ಸಾಲದೇ ಎಂದು ತಾವು ಕೇಳಬಹುದು. ಅದು ಅಗತ್ಯವಾದ ಎಚ್ಚರಿಕೆಯೇ. ಆದರೆ ಅದೊಂದೇ ಸಾಲದು. ಏಕೆಂದರೆ ಯಾವುದೋ ತಿಂಗಳು ತಪ್ಪು ದರದಲ್ಲಿ ಪಾವತಿಯಾಗಿದ್ದರೂ ಆದದ್ದು ಆದದ್ದೇ. ಸರಿಯಾದ ದರದ ಸೂತ್ರವು ಆ ತಪ್ಪನ್ನು ತೋರಿಸುವುದರ ಬದಲು ಮುಚ್ಚಿಹಾಕುತ್ತದೆ. ಆದುದರಿಂದ ತಿಂಗಳ ಪಾವತಿ ಮುಗಿದ ದಿನವೇ ಆ ತಿಂಗಳ ‘ಪಾವತಿಯಾದುದು’ ಕಾಲಂ ಅನ್ನು ಸೂತ್ರದಿಂದ ಬಿಡಿಸಿ ಮೌಲ್ಯವಾಗಿ ನಿಲ್ಲಿಸಬೇಕು. 2025ರ ಜನವರಿ 1ರಿಂದ ದರ ಶೇಕಡಾ 55ಕ್ಕೂ, ಜುಲೈ 1ರಿಂದ ಶೇಕಡಾ 58ಕ್ಕೂ ಏರಿತು. ದರ ಪರಿಷ್ಕೃತವಾದಾಗಲೆಲ್ಲ ಈ ಎಚ್ಚರಿಕೆ ಮರುಕಳಿಸಬೇಕು.

ಮತ್ತಾವ ಸಂದರ್ಭಗಳಲ್ಲಿ?

ಮೊದಲನೆಯದು ದಿನಾಂಕದ ಸೂತ್ರ. ‘ಟುಡೇ’ ಎಂಬ ಸೂತ್ರವು ಆ ದಿನದ ದಿನಾಂಕವನ್ನು ಕೊಡುತ್ತದೆ, ಮರುದಿನ ಮರುದಿನದ್ದನ್ನು ಕೊಡುತ್ತದೆ. ಗೃಹನಿರ್ಮಾಣ ಸಂಘದ ಬಾಕಿಪತ್ರದಲ್ಲಿ ಬಡ್ಡಿಯನ್ನು ಈ ಸೂತ್ರದ ಆಧಾರದಿಂದ ಲೆಕ್ಕ ಹಾಕಿದ್ದರೆ, ಸದಸ್ಯರ ಕೈಯಲ್ಲಿರುವ ಮುದ್ರಿತ ಪತ್ರದಲ್ಲಿ ಒಂದು ಅಂಕಿ, ಕಚೇರಿಯ ಗಣಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಪತ್ರ ಹೊರಡಿಸಿದ ಕ್ಷಣದಲ್ಲಿಯೇ ದಿನಾಂಕವನ್ನೂ ಬಡ್ಡಿಯನ್ನೂ ಮೌಲ್ಯವಾಗಿಸಿಕೊಳ್ಳಬೇಕು. ಇಂದಿನ ದಿನಾಂಕವನ್ನು ಸ್ಥಿರವಾಗಿ ಬರೆಯಲು ಸುಲಭ ಮಾರ್ಗವಿದೆ: ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಅರ್ಧವಿರಾಮದ ಕೀಲಿಯನ್ನು ಒತ್ತಿದರೆ, ಸೂತ್ರವಿಲ್ಲದ ದಿನಾಂಕ ಚೌಕದಲ್ಲಿ ಮೂಡುತ್ತದೆ.

ಎರಡನೆಯದು ಚೀಟಿ ಎತ್ತುವಿಕೆ. ವಾಹನ ನಿಲುಗಡೆಯ ಸ್ಥಳಗಳನ್ನು ಸದಸ್ಯರಿಗೆ ಹಂಚಲು ‘ರ‍್ಯಾಂಡ್’ ಎಂಬ ಸೂತ್ರದಿಂದ ಯಾದೃಚ್ಛಿಕ ಸಂಖ್ಯೆಗಳನ್ನು ಪಡೆಯುವುದುಂಟು. ಹಾಳೆಯಲ್ಲಿ ಎಲ್ಲಿಯೋ ಒಂದು ಅಕ್ಷರ ಬರೆದರೂ ಈ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಅಂದರೆ ಹಂಚಿಕೆಯೇ ಬದಲಾಗುತ್ತದೆ. ಸಭೆಯ ಸಮಕ್ಷಮದಲ್ಲಿ ಸಂಖ್ಯೆಗಳು ಬಂದ ಕೂಡಲೇ, ಬೇರೇನನ್ನೂ ಮುಟ್ಟುವ ಮೊದಲು, ಅವುಗಳನ್ನು ಮೌಲ್ಯಕ್ಕೆ ಪರಿವರ್ತಿಸುವುದು ನ್ಯಾಯದ ದೃಷ್ಟಿಯಿಂದಲೂ ಅಗತ್ಯ.

ಮೂರನೆಯದು ಕಡತಗಳ ನಡುವಿನ ಸಂಬಂಧ. ಒಂದು ಕಡತದ ಸೂತ್ರವು ಇನ್ನೊಂದು ಕಡತದ ಅಂಕಿಯನ್ನು ಎಳೆದು ತರುವಂತಿದ್ದು, ಮೊದಲನೆಯದನ್ನು ಮಾತ್ರ ಮಿಂಚಂಚೆಯಲ್ಲಿ ಕಳುಹಿಸಿದರೆ, ಪಡೆದವರ ಗಣಕದಲ್ಲಿ ಎರಡನೆಯ ಕಡತ ಇರುವುದಿಲ್ಲ. ಸಂಬಂಧವನ್ನು ನವೀಕರಿಸಬೇಕೇ ಎಂದು ಯಂತ್ರ ಕೇಳುತ್ತದೆ. ಅವರು ಹೌದೆಂದರೆ ಅಂಕಿಯ ಸ್ಥಾನದಲ್ಲಿ ದೋಷಸೂಚನೆ ಬರಬಹುದು. ಒಂದೇ ಕಡತದೊಳಗೆ ಕೂಡ, ಸೂತ್ರವೊಂದು ಆಧರಿಸಿದ ಕಾಲಂ ಅನ್ನು ಅಳಿಸಿದರೆ ‘ರೆಫ್’ ಎಂಬ ದೋಷ ಮೂಡುತ್ತದೆ. ಆಧಾರದ ಕಾಲಂ ಅನ್ನು ತೆಗೆಯುವ ಮುನ್ನ ಫಲಿತಾಂಶವನ್ನು ಮೌಲ್ಯವಾಗಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಕ್ರಮ ಹೇಗೆ?

ಎಲ್ಲ ತಂತ್ರಾಂಶಗಳಲ್ಲಿಯೂ ಮೂಲ ಉಪಾಯ ಒಂದೇ: ಚೌಕಗಳನ್ನು ನಕಲು ಮಾಡಿಕೊಂಡು, ಅದೇ ಜಾಗದ ಮೇಲೆ ಮೌಲ್ಯವನ್ನು ಮಾತ್ರ ಅಂಟಿಸುವುದು.

ಎಕ್ಸೆಲ್‌ನಲ್ಲಿ ಬೇಕಾದ ಚೌಕಗಳನ್ನು ಆಯ್ದುಕೊಂಡು ಕಂಟ್ರೋಲ್ ಮತ್ತು ಸಿ ಒತ್ತಬೇಕು. ಆಯ್ಕೆಯನ್ನು ಕದಲಿಸದೆ, ಕಂಟ್ರೋಲ್, ಆಲ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಪೇಸ್ಟ್ ಸ್ಪೆಷಲ್’ ಎಂಬ ಸಂವಾದ ಚೌಕಟ್ಟು ತೆರೆದುಕೊಳ್ಳುತ್ತದೆ. ಅದರಲ್ಲಿ ‘ವ್ಯಾಲ್ಯೂಸ್’ ಎಂಬುದನ್ನು ಆರಿಸಿ ಎಂಟರ್ ಒತ್ತಿದರೆ ಕೆಲಸವಾಯಿತು. ಎಸ್ಕೇಪ್ ಕೀಲಿ ಒತ್ತಿದರೆ ನಕಲಿನ ಚುಕ್ಕೆಗೆರೆ ಮಾಯವಾಗುತ್ತದೆ. ಮೌಸ್ ಬಳಸುವವರಿಗೆ ಇನ್ನೊಂದು ದಾರಿಯಿದೆ: ಆಯ್ದ ಚೌಕಗಳ ಅಂಚನ್ನು ಬಲಗುಂಡಿಯಿಂದ ಹಿಡಿದು, ಸ್ವಲ್ಪ ಪಕ್ಕಕ್ಕೆ ಎಳೆದು, ಬಿಡದೆಯೇ ಹಿಂದಿನ ಜಾಗಕ್ಕೆ ತಂದು ಬಿಟ್ಟರೆ ಒಂದು ಪಟ್ಟಿ ಕಾಣುತ್ತದೆ, ಅದರಲ್ಲಿ ಮೌಲ್ಯಗಳನ್ನು ಮಾತ್ರ ನಕಲಿಸುವ ಆಯ್ಕೆಯಿದೆ. ಒಂದೇ ಚೌಕದ ಕೆಲಸವಾದರೆ ಎಫ್2 ಒತ್ತಿ ಸೂತ್ರವನ್ನು ತೆರೆದು, ಎಫ್9 ಒತ್ತಿದರೆ ಸೂತ್ರ ಕರಗಿ ಉತ್ತರ ಉಳಿಯುತ್ತದೆ. ನಂತರ ಎಂಟರ್ ಒತ್ತಬೇಕು.

ಗೂಗಲ್ ಶೀಟ್ಸ್‌ನಲ್ಲಿ ನಕಲು ಮಾಡಿದ ಮೇಲೆ ಕಂಟ್ರೋಲ್, ಶಿಫ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೌಲ್ಯ ಮಾತ್ರ ಅಂಟಿಕೊಳ್ಳುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನಕಲಿನ ಗೊಡವೆಯೂ ಇಲ್ಲ: ಚೌಕಗಳನ್ನು ಆಯ್ದು, ‘ಡೇಟಾ’ ಪಟ್ಟಿಯಲ್ಲಿ ‘ಕ್ಯಾಲ್ಕುಲೇಟ್’, ಅದರೊಳಗೆ ‘ಫಾರ್ಮುಲಾ ಟು ವ್ಯಾಲ್ಯೂ’ ಎಂಬುದನ್ನು ಒತ್ತಿದರೆ ಸಾಕು.

ಅನ್ಯ ಕಡತಗಳೊಂದಿಗಿನ ಸಂಬಂಧವನ್ನು ಒಮ್ಮೆಗೇ ಕಡಿಯಬೇಕಾದಾಗ ಎಕ್ಸೆಲ್‌ನ ‘ಡೇಟಾ’ ಭಾಗದಲ್ಲಿ ‘ಬ್ರೇಕ್ ಲಿಂಕ್’ ಎಂಬ ವ್ಯವಸ್ಥೆಯಿದೆ. ಅದು ಆ ಕಡತವನ್ನು ಅವಲಂಬಿಸಿದ ಸೂತ್ರಗಳನ್ನೆಲ್ಲ ಮೌಲ್ಯಕ್ಕೆ ತಿರುಗಿಸುತ್ತದೆ. ಹಿಂದಿರುಗುವ ದಾರಿ ಇರುವುದಿಲ್ಲವಾದ್ದರಿಂದ ಪ್ರತಿಯೊಂದನ್ನು ತೆಗೆದಿಟ್ಟುಕೊಂಡ ನಂತರವೇ ಇದಕ್ಕೆ ಕೈಹಾಕಬೇಕು.

ಮುನ್ನೆಚ್ಚರಿಕೆಗಳು

ಕ್ರಮ ಸುಲಭ, ಎಚ್ಚರ ತಪ್ಪಿದರೆ ಹಾನಿಯೂ ಸುಲಭ. ಕೆಳಗಿನ ಅಂಶಗಳನ್ನು ಅನುಕ್ರಮವಾಗಿ ಪಾಲಿಸುವುದು ಶ್ರೇಯಸ್ಕರ.

ಒಂದು: ಮೊದಲು ಕಡತದ ಪ್ರತಿ ಮಾಡಿಕೊಳ್ಳಿ. ‘ಸೇವ್ ಆ್ಯಸ್’ ಮೂಲಕ ಬೇರೆ ಹೆಸರಿನಲ್ಲಿ ಉಳಿಸಿದ ಪ್ರತಿಯ ಮೇಲೆಯೇ ಸೂತ್ರ ತೆಗೆಯುವ ಕೆಲಸ ನಡೆಯಲಿ. ತಪ್ಪಾದಾಗ ಕಂಟ್ರೋಲ್ ಮತ್ತು ಜೆಡ್ ಒತ್ತಿ ಹಿಂದಿರುಗಬಹುದೆಂಬುದು ನಿಜವಾದರೂ, ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಅದನ್ನು ನೆಚ್ಚುವಂತಿಲ್ಲ.

ಎರಡು: ಲೆಕ್ಕ ಪೂರ್ಣವಾಗಿದೆಯೇ ನೋಡಿ. ದೊಡ್ಡ ಕಡತಗಳಲ್ಲಿ ವೇಗಕ್ಕಾಗಿ ಸ್ವಯಂಚಾಲಿತ ಲೆಕ್ಕವನ್ನು ನಿಲ್ಲಿಸಿರುವುದುಂಟು. ಆಗ ಎಫ್9 ಒತ್ತಿ ಲೆಕ್ಕವನ್ನು ನವೀಕರಿಸದಿದ್ದರೆ ಹಳಸಿದ ಉತ್ತರವೇ ಶಾಶ್ವತವಾಗುತ್ತದೆ. ಹಾಗೆಯೇ ದೋಷಸೂಚನೆಯಿರುವ ಚೌಕವನ್ನು ಪರಿವರ್ತಿಸಿದರೆ ದೋಷವೇ ಮೌಲ್ಯವಾಗಿ ಕುಳಿತುಬಿಡುತ್ತದೆ.

ಮೂರು: ಫಿಲ್ಟರ್ ಹಾಕಿದ್ದರೆ ತೆಗೆಯಿರಿ. ಕಾಣುವ ಸಾಲುಗಳನ್ನು ಮಾತ್ರ ನಕಲಿಸಿ ಅಂಟಿಸುವಾಗ ಅಂಕಿಗಳು ತಮ್ಮದಲ್ಲದ ಸಾಲಿನಲ್ಲಿ ಹೋಗಿ ಕುಳಿತುಕೊಳ್ಳುವ ಅಪಾಯವಿದೆ. ಒಬ್ಬರ ಬಾಕಿ ಮತ್ತೊಬ್ಬರ ಹೆಸರಿಗೆ ಬೀಳುವುದೆಂದರೆ ಸಣ್ಣ ಮಾತಲ್ಲ. ಅಡಗಿಸಿಟ್ಟ ಸಾಲುಗಳನ್ನೂ ಕಾಲಂಗಳನ್ನೂ ಬಿಡಿಸಿ, ಎಲ್ಲವೂ ಕಣ್ಣಿಗೆ ಕಾಣುವಂತೆ ಮಾಡಿಕೊಂಡ ಮೇಲೆಯೇ ಮುಂದುವರಿಯಬೇಕು.

ನಾಲ್ಕು: ಪೈಸೆಯ ಲೆಕ್ಕವನ್ನು ಮೊದಲೇ ಇತ್ಯರ್ಥಗೊಳಿಸಿ. 1,000 ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿದರೆ ಪ್ರತಿಯೊಬ್ಬರ ಮುಂದೆ 333.33 ಎಂದು ಕಾಣುತ್ತದೆ. ಮೊತ್ತದಲ್ಲಿ 1,000.00 ಎಂದಿರುತ್ತದೆ. ಆದರೆ ಕಾಗದದ ಮೇಲೆ ಮೂರು ಅಂಕಿಗಳನ್ನು ಕೂಡಿ ನೋಡುವ ಲೆಕ್ಕ ಪರಿಶೋಧಕರಿಗೆ 999.99 ಮಾತ್ರ ಬರುತ್ತದೆ. ಚೌಕದೊಳಗೆ ನಿಜವಾಗಿ ಇರುವುದು ಮುಂದೆ ಉದ್ದಕ್ಕೂ ಮೂರುಗಳೇ ತುಂಬಿದ ದಶಮಾಂಶ. ಕಾಣುವುದನ್ನು ಎರಡು ಸ್ಥಾನಕ್ಕೆ ಇಳಿಸುವುದರಿಂದ ಒಳಗಿನ ಅಂಕಿ ಇಳಿಯುವುದಿಲ್ಲ. ಮೌಲ್ಯವನ್ನು ಅಂಟಿಸಿದಾಗಲೂ ಒಳಗಿನ ಪೂರ್ಣ ದಶಮಾಂಶವೇ ಅಂಟಿಕೊಳ್ಳುತ್ತದೆ. ಆದುದರಿಂದ ‘ರೌಂಡ್’ ಎಂಬ ಸೂತ್ರದಿಂದ ಎರಡು ಸ್ಥಾನಕ್ಕೆ ಸರಿಪಡಿಸಿ, ಉಳಿದ ಒಂದು ಪೈಸೆ ಯಾರ ಪಾಲಿಗೆಂದು ತೀರ್ಮಾನಿಸಿ, ಆಮೇಲೆ ಮೌಲ್ಯಕ್ಕೆ ತಿರುಗಿಸಬೇಕು.

ಐದು: ದಿನಾಂಕದ ರೂಪಕ್ಕೆ ಗಮನ ಕೊಡಿ. ಎಕ್ಸೆಲ್ ದಿನಾಂಕವನ್ನು ಒಳಗೊಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 2024ರ ಏಪ್ರಿಲ್ 1 ಎಂಬುದು ಅದಕ್ಕೆ 45383. ಮೌಲ್ಯವನ್ನು ಬೇರೆ ಹಾಳೆಯ ಖಾಲಿ ಚೌಕದಲ್ಲಿ ಅಂಟಿಸಿದಾಗ ದಿನಾಂಕದ ಬದಲು ಈ ಐದಂಕಿಯ ಸಂಖ್ಯೆ ಕಂಡರೆ ಗಾಬರಿಯಾಗಬೇಕಿಲ್ಲ. ಚೌಕಕ್ಕೆ ದಿನಾಂಕದ ರೂಪವನ್ನು ಕೊಟ್ಟರೆ ಸರಿಹೋಗುತ್ತದೆ. ಮೌಲ್ಯವನ್ನೂ ಸಂಖ್ಯಾರೂಪವನ್ನೂ ಒಟ್ಟಿಗೆ ಅಂಟಿಸುವ ಆಯ್ಕೆಯೂ ಅದೇ ಪಟ್ಟಿಯಲ್ಲಿದೆ.

ಆರು: ಖಾಲಿಯಂತೆ ಕಾಣುವ ಚೌಕ ನಿಜವಾಗಿ ಖಾಲಿಯಲ್ಲದಿರಬಹುದು. ‘ಬಾಕಿ ಇಲ್ಲದಿದ್ದರೆ ಏನೂ ತೋರಿಸಬೇಡ’ ಎಂಬ ಸೂತ್ರವನ್ನು ಮೌಲ್ಯಕ್ಕೆ ತಿರುಗಿಸಿದಾಗ ಎಕ್ಸೆಲ್‌ನಲ್ಲಿ ಚೌಕದೊಳಗೆ ಅಕ್ಷರವಿಲ್ಲದ ಒಂದು ಪಠ್ಯ ಉಳಿಯುತ್ತದೆ. ಕಣ್ಣಿಗೆ ಕಾಣದು, ಆದರೆ ತುಂಬಿದ ಚೌಕಗಳನ್ನು ಎಣಿಸುವ ‘ಕೌಂಟ್‌ಎ’ ಸೂತ್ರವು ಅದನ್ನೂ ಎಣಿಸುತ್ತದೆ. ಬಾಕಿದಾರರು ಎಷ್ಟು ಮಂದಿ ಎಂದು ಹೀಗೆ ಎಣಿಸಿದರೆ ಬಾಕಿಯಿಲ್ಲದವರೂ ಪಟ್ಟಿಗೆ ಸೇರುತ್ತಾರೆ. ಅಂತಹ ಚೌಕಗಳನ್ನು ಆಯ್ದು ಡಿಲೀಟ್ ಕೀಲಿಯಿಂದ ನಿಜವಾಗಿಯೂ ಖಾಲಿ ಮಾಡಬೇಕು.

ಏಳು: ಕೊನೆಯಲ್ಲಿ ಪರೀಕ್ಷೆ ಮಾಡಿ. ಪರಿವರ್ತನೆಗೆ ಮೊದಲು ಮುಖ್ಯ ಮೊತ್ತಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ಆಮೇಲೆ ತಾಳೆ ನೋಡಿ. ಎಲ್ಲಿಯಾದರೂ ಸೂತ್ರ ಉಳಿದಿದೆಯೇ ಎಂಬುದನ್ನು ತಿಳಿಯಲು, ಎಸ್ಕೇಪ್ ಕೀಲಿಯ ಕೆಳಗಿರುವ ಓರೆಗುರುತಿನ ಕೀಲಿಯನ್ನು ಕಂಟ್ರೋಲ್ ಜೊತೆ ಒತ್ತಿದರೆ ಹಾಳೆಯ ಸೂತ್ರಗಳೆಲ್ಲ ಬಯಲಾಗುತ್ತವೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಮೊತ್ತದ ಸಾಲನ್ನು ಕೂಡ ಮೌಲ್ಯವಾಗಿಸಿದ್ದರೆ ಒಂದು ಮಾತು ನೆನಪಿರಲಿ: ಇನ್ನು ಮುಂದೆ ಮೇಲಿನ ಅಂಕಿಯನ್ನು ಯಾರಾದರೂ ತಿದ್ದಿದರೂ ಕೆಳಗಿನ ಮೊತ್ತ ಕದಲುವುದಿಲ್ಲ.

ಸೂತ್ರವನ್ನು ಉಳಿಸಬೇಕಾದಾಗ

ಇಷ್ಟು ಹೇಳಿದ ಮೇಲೆ ಎಲ್ಲ ಸೂತ್ರಗಳನ್ನೂ ಕಿತ್ತುಹಾಕುವುದೇ ಸುರಕ್ಷಿತ ಎಂಬ ಭಾವನೆ ಬರಬಾರದು. ಅಂಕಿಯು ಎಷ್ಟು ಎಂಬುದನ್ನು ಮೌಲ್ಯ ಹೇಳುತ್ತದೆ. ಅದು ಹೇಗೆ ಬಂತು ಎಂಬುದನ್ನು ಸೂತ್ರ ಮಾತ್ರ ಹೇಳಬಲ್ಲದು.

ಇದಕ್ಕೆ ಜಗತ್ತಿನ ಗಮನ ಸೆಳೆದ ಉದಾಹರಣೆಯೊಂದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸಾರ್ವಜನಿಕ ಸಾಲವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಸಾಲವು ರಾಷ್ಟ್ರೀಯ ಉತ್ಪನ್ನದ ಶೇಕಡಾ 90ನ್ನು ಮೀರಿದ ಮುಂದುವರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಶೇಕಡಾ 0.1ರಷ್ಟು ಇಳಿಮುಖವಾಗಿರುತ್ತದೆ ಎಂಬ ಅಂಕಿ ಅದರಲ್ಲಿತ್ತು. ಸರ್ಕಾರಗಳ ವೆಚ್ಚ ಕಡಿತದ ಚರ್ಚೆಗಳಲ್ಲಿ ಈ ಪ್ರಬಂಧವನ್ನು ಹಲವರು ಆಧಾರವಾಗಿ ಉಲ್ಲೇಖಿಸಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕೇಂದ್ರದ ವಿದ್ಯಾರ್ಥಿ ಥಾಮಸ್ ಹರ್ಂಡನ್ ಅವರು ಲೆಕ್ಕವನ್ನು ಮತ್ತೆ ಮಾಡಲು ಯತ್ನಿಸಿದಾಗ ಅದೇ ಉತ್ತರ ಬರಲಿಲ್ಲ. ಕೋರಿದಾಗ ಲೇಖಕರು ತಮ್ಮ ಕೆಲಸದ ಹಾಳೆಯನ್ನೇ ಕಳುಹಿಸಿಕೊಟ್ಟರು. ಸರಾಸರಿಯ ಸೂತ್ರವು ಇಪ್ಪತ್ತು ದೇಶಗಳ ಪೈಕಿ ಐದು ದೇಶಗಳ ಸಾಲುಗಳನ್ನು ಬಿಟ್ಟುಬಿಟ್ಟಿರುವುದು ಆಗ ಕಂಡುಬಂದಿತು. ಹರ್ಂಡನ್ ಅವರು ತಮ್ಮ ಪ್ರಾಧ್ಯಾಪಕರಾದ ಮೈಕೆಲ್ ಆ್ಯಶ್ ಮತ್ತು ರಾಬರ್ಟ್ ಪೋಲಿನ್ ಅವರೊಂದಿಗೆ 2013ರಲ್ಲಿ ಈ ವಿಚಾರವನ್ನು ಪ್ರಕಟಿಸಿದರು. ಈ ದೋಷದೊಂದಿಗೆ ದತ್ತಾಂಶದ ಆಯ್ಕೆ, ತೂಕ ಕೊಡುವ ವಿಧಾನ ಮೊದಲಾದವನ್ನೂ ಸರಿಪಡಿಸಿದಾಗ ಸರಾಸರಿ ಶೇಕಡಾ 2.2 ಏರಿಕೆ ಎಂದಾಯಿತು. ಸೂತ್ರದ ತಪ್ಪನ್ನು ಮೂಲ ಲೇಖಕರೂ ಒಪ್ಪಿಕೊಂಡರು. ಅಂದು ಕಳುಹಿಸಿದ ಹಾಳೆಯಲ್ಲಿ ಸೂತ್ರಗಳನ್ನು ತೆಗೆದು ಮೌಲ್ಯವನ್ನಷ್ಟೇ ಇಟ್ಟಿದ್ದರೆ ಬಿಟ್ಟುಹೋದ ಐದು ಸಾಲುಗಳು ಕಣ್ಣಿಗೆ ಬೀಳುವುದು ಬಹಳ ಕಷ್ಟವಾಗುತ್ತಿತ್ತು.

ಆದುದರಿಂದ ಪರಿಶೀಲನೆಗೆ ಕೇಳಿದವರಿಗೆ ಸೂತ್ರಸಹಿತವಾದ ಪ್ರತಿಯನ್ನು ಕೊಡುವುದು ಪ್ರಾಮಾಣಿಕ ಮಾರ್ಗ. ಮೌಲ್ಯವನ್ನು ಮಾತ್ರ ಕೊಡುವುದು ಸ್ಥಿರತೆಗಾಗಿ ಇರಬೇಕೇ ವಿನಾ ಮರೆಮಾಚಲು ಅಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕಾರ ಸಾರ್ವಜನಿಕ ಪ್ರಾಧಿಕಾರಗಳ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿಯೂ ಪಡೆಯಲು ನಾಗರಿಕರಿಗೆ ಅವಕಾಶವಿದೆ. ಅಂತಹ ಹಾಳೆ ಕೈಗೆ ಬಂದಾಗ ಅಂಕಿ ಎಷ್ಟು ಎಂಬುದರ ಜೊತೆಗೆ ಅದು ಹೇಗೆ ಬಂದಿತು ಎಂಬುದನ್ನೂ ವಿಚಾರಿಸುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.

ಇದಕ್ಕೆ ಎದುರಾದ ಒಂದು ಎಚ್ಚರಿಕೆಯೂ ಇಲ್ಲಿ ಸಲ್ಲುತ್ತದೆ. ಸೂತ್ರ ತೆಗೆದ ಮಾತ್ರಕ್ಕೆ ಕಡತ ಬರಿದಾಗುವುದಿಲ್ಲ. ಅಡಗಿಸಿಟ್ಟ ಹಾಳೆಗಳು, ಟಿಪ್ಪಣಿಗಳು, ಸದಸ್ಯರ ದೂರವಾಣಿ ಸಂಖ್ಯೆಗಳು, ಬ್ಯಾಂಕ್ ಖಾತೆಯ ವಿವರಗಳು ಒಳಗೆ ಹಾಗೆಯೇ ಉಳಿದಿರಬಹುದು. ಹೊರಗಿನವರಿಗೆ ಕಳುಹಿಸುವಾಗ ಹೊಸ ಕಡತವೊಂದನ್ನು ತೆರೆದು, ಬೇಕಾದ ಮೌಲ್ಯಗಳನ್ನು ಮಾತ್ರ ಅದರಲ್ಲಿ ಅಂಟಿಸಿ ಕಳುಹಿಸುವುದು ಲೇಸು.

ಸಂಘಸಂಸ್ಥೆಗಳಿಗೆ ಒಂದು ಪದ್ಧತಿ

ತಮ್ಮ ತಮ್ಮ ಸಂಘಗಳಲ್ಲಿ ಅನುಸರಿಸಬಹುದಾದ ಸರಳ ಪದ್ಧತಿಯೊಂದನ್ನು ಇಲ್ಲಿ ಸೂಚಿಸಲಾಗಿದೆ. ಪ್ರತಿಯೊಂದು ಲೆಕ್ಕಕ್ಕೂ ಎರಡು ಕಡತಗಳಿರಲಿ. ಒಂದು ‘ಕೆಲಸದ ಪ್ರತಿ’. ಇದರಲ್ಲಿ ಸೂತ್ರಗಳೆಲ್ಲ ಜೀವಂತವಾಗಿರುತ್ತವೆ. ಇನ್ನೊಂದು ‘ದಾಖಲೆಯ ಪ್ರತಿ’. ಇದರಲ್ಲಿ ಮೌಲ್ಯಗಳು ಮಾತ್ರ ಇರುತ್ತವೆ. ತಿಂಗಳು ಮುಗಿದಾಗ, ಸಮಿತಿಯು ಲೆಕ್ಕವನ್ನು ಅಂಗೀಕರಿಸಿದಾಗ ಮತ್ತು ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಕೊನೆಗೊಂಡಾಗ ದಾಖಲೆಯ ಪ್ರತಿ ಸಿದ್ಧವಾಗಬೇಕು. ಕಡತದ ಹೆಸರಿನಲ್ಲಿಯೇ ತಿಂಗಳನ್ನೂ ವರ್ಷವನ್ನೂ ಸೇರಿಸಿದರೆ ಗೊಂದಲವಿರದು. ಹಾಳೆಯ ಮೇಲ್ಭಾಗದಲ್ಲಿ ‘ಇಂತಹ ದಿನಾಂಕದಂದು ಸೂತ್ರಗಳನ್ನು ತೆಗೆಯಲಾಗಿದೆ, ಅನ್ವಯಿಸಿದ ದರ ಇಷ್ಟು, ಸೂತ್ರಸಹಿತ ಪ್ರತಿ ಇಂತಹ ಹೆಸರಿನ ಕಡತದಲ್ಲಿದೆ’ ಎಂದು ಎರಡು ಸಾಲು ಬರೆದಿಡಬೇಕು. ಮುದ್ರಿತ ಪ್ರತಿಯೊಂದಕ್ಕೆ ಕಾರ್ಯದರ್ಶಿ ಮತ್ತು ಖಜಾಂಚಿಗಳ ಸಹಿ ಹಾಕಿಸಿ ಕಪಾಟಿನಲ್ಲಿಡುವುದು ಇಂದಿಗೂ ಒಳ್ಳೆಯ ಪದ್ಧತಿಯೇ.

ಹೀಗೆ ಮಾಡಿದರೆ ಪದಾಧಿಕಾರಿಗಳು ಬದಲಾದಾಗ ಹೊಸಬರಿಗೆ ಹಳೆಯ ಲೆಕ್ಕ ಸ್ಪಷ್ಟವಾಗಿ ದೊರೆಯುತ್ತದೆ. ಊರು ಬಿಟ್ಟು ಊರಿಗೆ ವರ್ಗವಾಗಿ ಹೋಗುವವರು ಹೆಚ್ಚಾಗಿರುವ ನಮ್ಮ ಹೊರನಾಡ ಸಂಘಗಳಲ್ಲಿ ಇದರ ಮಹತ್ತ್ವ ಇನ್ನೂ ಹೆಚ್ಚು. ಸೂತ್ರ ಬರೆದವರು ದೆಹಲಿಯಿಂದ ಚೆನ್ನೈಗೆ ಹೋದ ಮೇಲೆ ಅವರ ಮನಸ್ಸಿನಲ್ಲಿದ್ದುದನ್ನು ಕೇಳಿ ತಿಳಿಯುವುದು ಕಷ್ಟ. ಹಾಳೆಯೇ ಎಲ್ಲವನ್ನೂ ಹೇಳುವಂತಿರಬೇಕು.

ಬಂಧುಗಳೇ, ಸಾರ್ವಜನಿಕ ಹಣವೆಂದರೆ ಹತ್ತಾರು ಜನರು ನಂಬಿಕೆಯಿಂದ ಕೊಟ್ಟ ಹಣ. ಕೊಟ್ಟವರು ಐದು ವರ್ಷಗಳ ನಂತರ ಬಂದು ‘ಅಂದು ನಾನು ಕೊಟ್ಟದ್ದೆಷ್ಟು’ ಎಂದು ಕೇಳಿದರೆ, ಅಂದು ಬರೆದಿದ್ದ ಅಂಕಿಯೇ ಅವರ ಮುಂದೆ ಬರಬೇಕು. ಇಂದಿನ ದರದಿಂದ ಹೊಸದಾಗಿ ಹುಟ್ಟಿದ ಅಂಕಿಯಲ್ಲ. ಲೆಕ್ಕವು ನಡೆಯುತ್ತಿರುವ ತನಕ ಸೂತ್ರವಿರಲಿ, ಮುಗಿದ ದಿನ ಮೌಲ್ಯವಾಗಲಿ, ಎರಡರ ಪ್ರತಿಯೂ ಜೋಪಾನವಾಗಿರಲಿ. ಇಷ್ಟನ್ನು ಪಾಲಿಸಲು ಹೊಸ ಯಂತ್ರವಾಗಲಿ ಹೆಚ್ಚಿನ ವೆಚ್ಚವಾಗಲಿ ಬೇಕಾಗಿಲ್ಲ. ತಿಂಗಳಿಗೊಮ್ಮೆ ಕೆಲವು ನಿಮಿಷಗಳ ಗಮನ ಸಾಕು. ಮುಂದಿನ ತಿಂಗಳ ಲೆಕ್ಕವನ್ನು ತೆರೆಯುವ ಮೊದಲು, ಕಳೆದ ತಿಂಗಳ ‘ಪಾವತಿಯಾದುದು’ ಎಂಬ ಕಾಲಂ ಮೇಲೆ ಕರ್ಸರ್ ಇಟ್ಟು ಸೂತ್ರಪಟ್ಟಿಯನ್ನು ಒಮ್ಮೆ ನೋಡಬೇಕೆಂದು ತಮ್ಮೆಲ್ಲರಲ್ಲಿ ವಿನಂತಿಸುತ್ತೇನೆ.